ಮೌನವಾಚನ, ಘೋಷವಾಚನ ಮತ್ತು ಲಿಪಿಕಾರನ ಕಣ್ಣು

ಪ್ರತಿಗಳಲ್ಲಿ ಲಿಪಿಕಾರನ ಕೈಯ ಸ್ಖಾಲಿತ್ಯಗಳನ್ನು ಗುರುತಿಸುವಷ್ಟು ಎಚ್ಚರದಿಂದ ಅವನ ಕಣ್ಣಿನ ಸ್ಖಾಲಿತ್ಯಗಳನ್ನು ಗುರುತಿಸುವುದು ವಿರಳ. ಮೌನವಾಗಿ ಓದುವಾಗಲೂ ಗಟ್ಟಿಯಾಗಿ ಓದುವಾಗಲೂ ನೇತ್ರಚಲನೆ ಹೇಗೆ ಭಿನ್ನವಾಗುತ್ತದೆಂಬುದನ್ನು ಅರಿತರೆ ಅನೇಕ ಲೋಪಪಾಠಗಳ ಮೂಲವು ಸ್ಪಷ್ಟವಾಗುತ್ತದೆ.

ಕಣ್ಣು ಪಂಕ್ತಿಯ ಮೇಲೆ ಅವಿಚ್ಛಿನ್ನವಾಗಿ ಹರಿಯುವುದಿಲ್ಲ. ನೆಗೆದು ನಿಲ್ಲುತ್ತದೆ, ಮತ್ತೆ ನೆಗೆಯುತ್ತದೆ. ಅಕ್ಷರಗ್ರಹಣವು ನಿಲುಗಡೆಯಲ್ಲಿ ಮಾತ್ರ. ಇಂಗ್ಲಿಷ್ ಓದುಗರ ಪರೀಕ್ಷೆಗಳಲ್ಲಿ ಮೌನವಾಚನದ ನಿಲುಗಡೆ ಸರಾಸರಿ 225ರಿಂದ 250 ಮಿಲಿಸೆಕೆಂಡು, ನೆಗೆತ 7ರಿಂದ 9 ಅಕ್ಷರ. ಘೋಷವಾಚನದಲ್ಲಿ ನಿಲುಗಡೆ 275ರಿಂದ 325 ಮಿಲಿಸೆಕೆಂಡು, ನೆಗೆತ 6 ಅಥವಾ 7 ಅಕ್ಷರ. ಧ್ವನಿಗಿಂತ ಕಣ್ಣು ಶೀಘ್ರಗಾಮಿಯಾದುದರಿಂದ ಅದು ಮುಂದೆ ಹೋಗಿ ಧ್ವನಿಗಾಗಿ ಕಾಯಬೇಕಾಗುತ್ತದೆ. ಈ ಅಂತರವನ್ನು ಅಮೆರಿಕದ ಗೈ ಬಸ್‌ವೆಲ್ ಎಂಬ ವಿದ್ವಾಂಸರು 1920ರಲ್ಲಿ ವಿಸ್ತಾರವಾಗಿ ಪರಿಶೀಲಿಸಿದರು. ನುರಿತ ಓದುಗರಲ್ಲಿ ಅದು ಸುಮಾರು ಎರಡು ಪದಗಳಷ್ಟು.

ಪ್ರತಿ ಮಾಡುವವನ ಕಣ್ಣಿಗೆ ಇನ್ನೊಂದು ಕಾರ್ಯವೂ ಉಂಟು. ಅವನು ಮಾತೃಕೆಯಲ್ಲಿ ಕೆಲವು ಅಕ್ಷರಗಳನ್ನು ನೋಡಿ, ಮನಸ್ಸಿನಲ್ಲಿ ಧರಿಸಿ, ಬರೆದು, ಬಿಟ್ಟ ಸ್ಥಳಕ್ಕೆ ಹಿಂದಿರುಗಬೇಕು. ಪದವಿಭಾಗವಿಲ್ಲದ ತಾಳೆಯೋಲೆಯಲ್ಲಿ ಆ ಸ್ಥಳವನ್ನು ಸೂಚಿಸುವುದು ಕೊನೆಗೆ ಬರೆದ ಅಕ್ಷರಗಳೇ. ಅವೇ ಅಕ್ಷರಗಳು ಮುಂದೆಯೂ ಬಂದಿದ್ದರೆ ಕಣ್ಣು ಎರಡನೆಯದರ ಮೇಲೆ ನಿಂತು, ನಡುವಿನ ಭಾಗ ಲುಪ್ತವಾಗುತ್ತದೆ.

ಇದಕ್ಕೆ ಷಟ್ಖಂಡಾಗಮದ ಸತ್ಪ್ರರೂಪಣೆಯ 93ನೆಯ ಸೂತ್ರವು ಗಮನಾರ್ಹ ನಿದರ್ಶನ. 1939ರಲ್ಲಿ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಳಾಟೀಕೆಯ ಪ್ರಥಮ ಸಂಪುಟ ಪ್ರಕಟವಾದಾಗ, ಆಧಾರವಾಗಿದ್ದ ಪ್ರತಿಗಳ ಸೂತ್ರಪಾಠದಲ್ಲಿ ‘ಸಂಜದಾಸಂಜದ’ ಎಂಬುದರ ಮುಂದೆ ‘ಸಂಜದ’ ಪದವಿರಲಿಲ್ಲ. ಅದು ಅಲ್ಲಿ ಇರಬೇಕೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಅನಂತರ ಮೂಡುಬಿದಿರೆಯ ತಾಳೆಯೋಲೆಯಲ್ಲಿ ಆ ಪದ ದೊರೆಯಿತು. ಮನುಷ್ಯಿನಿಯರ ಗುಣಸ್ಥಾನಗಳನ್ನು ಕುರಿತ ಈ ಸೂತ್ರದಲ್ಲಿ ಮೂರಕ್ಷರಗಳ ಇರವು ಇಲ್ಲದಿರವು ಪಂಡಿತರಲ್ಲಿ ತೀವ್ರ ವಾದಕ್ಕೆ ಎಡೆಯಾಯಿತು. ಒಂದೇ ಅಕ್ಷರಸಮೂಹ ಒತ್ತೊತ್ತಾಗಿ ಬಂದಿರುವುದರಿಂದ ದೃಷ್ಟಿಲಂಘನವೇ ಈ ಲೋಪಕ್ಕೆ ಕಾರಣವಾಗಿರುವುದು ಸಂಭವನೀಯ.

ಗಟ್ಟಿಯಾಗಿ ಓದಿದ ಮಾತ್ರಕ್ಕೆ ದೋಷ ಪರಿಹಾರವಾಗದು. ಮುಂದೆ ಸಾಗಿದ ಕಣ್ಣು ಪರಿಚಿತ ಪಾಠವನ್ನು ಊಹಿಸಿಕೊಳ್ಳಬಹುದು. ಆದುದರಿಂದ ಒಬ್ಬರು ಮಾತೃಕೆಯನ್ನು ಅಕ್ಷರಶಃ ಉಚ್ಚರಿಸುತ್ತಿರಲು ಮತ್ತೊಬ್ಬರು ಪ್ರತಿಯನ್ನು ಮೌನವಾಗಿ ಅನುಸರಿಸುವ ಕ್ರಮವೇ ಶ್ರೇಯಸ್ಕರ. ಅಲ್ಲಿ ಕೇಳುವವರ ಕಣ್ಣನ್ನು ಓದುವವರ ಧ್ವನಿ ತಡೆದು ನಿಲ್ಲಿಸುತ್ತದೆ. ಲ-ಳ, ಶ-ಷ-ಸಗಳ ವ್ಯತ್ಯಯವು ಬಹುಮಟ್ಟಿಗೆ ಕಿವಿಯ ದೋಷ. ಸಮಾನಾಕ್ಷರಗಳ ನಡುವಿನ ಲೋಪವು ಕಣ್ಣಿನ ದೋಷ. ಪಾಠಾಂತರಗಳನ್ನು ದಾಖಲಿಸುವಾಗ ಈ ವಿವೇಚನೆಯಿದ್ದರೆ, ಲುಪ್ತಪಾಠವನ್ನು ಬುದ್ಧಿಪೂರ್ವಕವಾಗಿ ತೆಗೆದುದೆಂದು ಆರೋಪಿಸುವ ಪ್ರಮಾದವೂ ತಪ್ಪುತ್ತದೆ.