ಗೋವೆಯಿಂದ ಬರುವಾಗ ಯಾವ ಬಾಟಲಿ?

ಗೋವೆ ನೋಡಿಕೊಂಡು ಕಾರವಾರ, ಅಂಕೋಲೆ ಮಾರ್ಗವಾಗಿ ಊರಿಗೆ ಮರಳುತ್ತಿದ್ದೀರಾ? ‘ಇಲ್ಲಿ ರಮ್ ಅಗ್ಗ ಕಣೇ, ಒಂದು ಬಾಟಲಿ ನಿನ್ನ ಸೀರೆಗಳ ಮಧ್ಯೆ ಇಟ್ಕೋ’ ಎಂದು ಯಜಮಾನರು ಹೇಳಿದರೆ ಒಪ್ಪಬೇಡಿ. ಅಲ್ಲಿ ತೆರಿಗೆ ಕಡಿಮೆ, ಬೆಲೆಯೂ ಕಡಿಮೆ, ನಿಜ. ಆದರೆ ಪರವಾನಗಿಯಿಲ್ಲದೆ ಗಡಿ ದಾಟಿಸುವುದು ಅಪರಾಧ. ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಪೆಟ್ಟಿಗೆ ಬಿಚ್ಚಿಸಿದರೆ ಮಾನ ಹೋಗುವುದು ಯಾರದು?

ಗಡಿ ದಾಟಿದ ಮೇಲೆ ಅಂಕೋಲೆ ಪೇಟೆಯಲ್ಲಿ ಮುರುಗಲ ಹಣ್ಣಿನ ಶರಬತ್ತಿನ ಬಾಟಲಿ ಕೊಳ್ಳಿ. ಲೇಬಲ್ಲಿನಲ್ಲಿ ಮುರುಗಲು, ಸಕ್ಕರೆ, ಉಪ್ಪು, ಜೀರಿಗೆ ಇದ್ದರೆ ಸಾಕು; ಕೃತಕ ಬಣ್ಣ ಬೇಡ. ಮುಚ್ಚಳದ ಸೀಲು ಒಡೆದಿರಬಾರದು. ಒಳಗೆ ನೊರೆ ಕಂಡರೆ ಹುದುಗಿ ಕೆಟ್ಟಿದೆಯೆಂದೇ ತಿಳಿಯಿರಿ. ಒಂದು ಪಾಲಿಗೆ ನಾಲ್ಕು ಪಾಲು ತಣ್ಣೀರು ಬೆರೆಸಿ ಕೊಡಿ. ಈ ಕೆಂಪು ಬಾಟಲಿಯನ್ನು ಅತ್ತೆಯವರ ಎದುರಿಗೇ ತೆರೆಯಬಹುದಲ್ಲ!