ಕೈಗುರುತು ಕಾಣದ ಗಡಿಯಾರ

ಸ್ಪಿರಿಟ್ ದೀಪದ ಮೇಲೆ ಹಿತ್ತಾಳೆ ಪುಡಿ ತುಂಬಿದ ಪುಟ್ಟ ತಟ್ಟೆ. ಪುಡಿಯಲ್ಲಿ ಅರ್ಧ ಹುದುಗಿ ನಿಂತಿರುವುದು ಎಳ್ಳಿಗಿಂತ ಚಿಕ್ಕದಾದ ಉಕ್ಕಿನ ತಿರುಪು. ಕಾವು ಏರಿದಂತೆ ಬಿಳಿ ಉಕ್ಕು ಹಳದಿಗೆ ತಿರುಗುತ್ತದೆ, ಆಮೇಲೆ ಕಂದು, ನೇರಳೆ. ಸುಮಾರು 300 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಗಾಢ ನೀಲಿ ಮೂಡುತ್ತದೆ. ಚಿಮಟದಿಂದ ಆಗಲೇ ಎತ್ತಬೇಕು. ತಡವಾದರೆ ನೀಲಿ ಮಾಸಿ ಬೂದಾಗುತ್ತದೆ. ಬೆರಳಿನ ಜಿಡ್ಡು ಸೋಕಿದ ಕಡೆ ಮಚ್ಚೆ ಏಳುತ್ತದೆ. ಮತ್ತೆ ಉಜ್ಜಿ, ಹೊಳಪು ಕೊಟ್ಟು, ಮತ್ತೆ ದೀಪದ ಮೇಲಿಡಬೇಕು. ಇದು ಒಂದು ತಿರುಪಿನ ಕಥೆ.

ಗಡಿಯಾರವೊಂದನ್ನು ಮೊದಲಿನಿಂದ ಕೊನೆಯವರೆಗೆ ಒಬ್ಬನೇ ಮಾಡಲು ಸಾಧ್ಯವೇ? ಗಡಿಯಾರ ತಯಾರಿಕೆಯಲ್ಲಿ 34 ಕಸುಬುಗಳನ್ನು ಎಣಿಸುವುದುಂಟು. ಅವುಗಳಲ್ಲಿ 32ನ್ನು ತನ್ನ ಕೈಗೇ ಒಗ್ಗಿಸಿಕೊಂಡವನು ಇಂಗ್ಲೆಂಡಿನ ಜಾರ್ಜ್ ಡೇನಿಯಲ್ಸ್. ಲಂಡನ್ನಿನಲ್ಲಿ ಹಳೆಯ ಗಡಿಯಾರಗಳನ್ನು ರಿಪೇರಿ ಮಾಡುತ್ತ ಬೆಳೆದ ಆತ, 1980ರ ದಶಕದಲ್ಲಿ ಐರಿಶ್ ಸಮುದ್ರದ ಐಲ್ ಆಫ್ ಮ್ಯಾನ್ ದ್ವೀಪಕ್ಕೆ ಹೋಗಿ ನೆಲೆಸಿದ.

ಕೆಲಸ ಕಾಗದದ ಮೇಲೆ ಶುರುವಾಗುತ್ತದೆ. ನಿಮಿಷದ ಮುಳ್ಳು ಹೊತ್ತ ನಡುಚಕ್ರ ಗಂಟೆಗೊಂದು ಸುತ್ತು ಬಂದರೆ, ಸೆಕೆಂಡಿನ ಚಕ್ರ ಅರವತ್ತು ಸುತ್ತು ಬರಬೇಕು. 80 ಹಲ್ಲಿನ ಚಕ್ರ 10 ಹಲ್ಲಿನ ಪಿನಿಯನ್ ಎಂಬ ಪುಟ್ಟ ಚಕ್ರವನ್ನೂ, ಅದರ ಜೊತೆಗಿರುವ 75 ಹಲ್ಲಿನ ಚಕ್ರ ಮತ್ತೊಂದು 10 ಹಲ್ಲಿನ ಪಿನಿಯನ್ನನ್ನೂ ತಿರುಗಿಸಿದರೆ ಲೆಕ್ಕ ಸರಿಹೋಯಿತು. ಲೆಕ್ಕ ಒಂದು ಸಂಜೆಯಲ್ಲಿ ಮುಗಿಯಬಹುದು. ಆದರೆ ಲೇತಿನಲ್ಲಿ ಬ್ಯಾಲೆನ್ಸ್ ಚಕ್ರದ ಅಚ್ಚನ್ನು ಕಡೆದು, ಅದರ ತುದಿಯನ್ನು 0.1 ಮಿಲಿಮೀಟರ್ ದಪ್ಪಕ್ಕೆ ಇಳಿಸಿ, ಕೆಂಪು ಹರಳಿನ ತೂತಿನಲ್ಲಿ ಸರಾಗವಾಗಿ ತಿರುಗುವಂತೆ ಮಾಡುವುದಕ್ಕೆ ಲೆಕ್ಕ ಸಾಲದು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಉಸಿರು ಬಿಗಿಹಿಡಿದು ಕೂರಬೇಕು. ಕೈ ಒಂದಿಷ್ಟು ಬಿರುಸಾದರೂ ತುದಿ ಮುರಿಯುತ್ತದೆ, ದಿನದ ದುಡಿಮೆ ಹೋಯಿತು.

ಕೀಲಿ ಕೊಡುವ ಎಚ್‌ಎಂಟಿ ಜನತಾದ ಹಿಂಬದಿ ಮುಚ್ಚಳ ತೆಗೆಸಿ ನೋಡಿದವರಿಗೆ ಆ ಬ್ಯಾಲೆನ್ಸ್ ಚಕ್ರದ ಹೊಯ್ದಾಟ ಗೊತ್ತು: ಸೆಕೆಂಡಿಗೆ ಐದು ಬಡಿತ. ಅಂಥ ಗಡಿಯಾರಗಳಲ್ಲಿ ಬಡಿತಕ್ಕೊಮ್ಮೆ, ಎಸ್ಕೇಪ್‌ಮೆಂಟ್ ಎಂಬ ಭಾಗದಲ್ಲಿ, ಇನ್ನೊಂದು ಚಕ್ರದ ಹಲ್ಲು ಹರಳಿನ ಮೇಲೆ ಜಾರುತ್ತದೆ. ಜಾರುವಲ್ಲಿ ಎಣ್ಣೆ ಬೇಕು, ಎಣ್ಣೆ ವರ್ಷ ಕಳೆದಂತೆ ಗಟ್ಟಿಯಾಗುತ್ತದೆ, ಗಡಿಯಾರದ ವೇಳೆ ಕೆಡುತ್ತದೆ. ಡೇನಿಯಲ್ಸ್ ಹಿಡಿದದ್ದು ಇದೇ ಜಾಗವನ್ನು. 1970ರ ದಶಕದಲ್ಲಿ ಆತ ರೂಪಿಸಿದ ಕೋ-ಆಕ್ಸಿಯಲ್ ಎಸ್ಕೇಪ್‌ಮೆಂಟ್‌ನಲ್ಲಿ ಜಾರಾಟ ಬಹುಮಟ್ಟಿಗೆ ಇಲ್ಲ, ಹಲ್ಲು ಹರಳನ್ನು ತಳ್ಳಿ ಮುಂದೆ ಹೋಗುತ್ತದೆ. ಜೇಬುಗಡಿಯಾರದಲ್ಲಿ ನಡೆದದ್ದು ಮಣಿಕಟ್ಟಿನ ಮೇಲೂ ನಡೆಯುತ್ತದೆಂದು ತೋರಿಸಲು, ಒಮೆಗಾ ಕಂಪನಿಯದೇ ಒಂದು ಕೈಗಡಿಯಾರದೊಳಗೆ ಅದನ್ನು ಕೂರಿಸಿದ. ಸ್ವಿಸ್ ಕಂಪನಿಗಳು ಆಗ ಕ್ವಾರ್ಟ್ಜ್ ಗಡಿಯಾರಗಳ ಹೊಡೆತಕ್ಕೆ ತತ್ತರಿಸುತ್ತಿದ್ದವು. ಒಮೆಗಾ ಅದನ್ನು ಮಾರುಕಟ್ಟೆಗೆ ತಂದದ್ದು 1999ರಲ್ಲಿ. ಅಷ್ಟು ವರ್ಷ ಬಾಗಿಲು ತಟ್ಟುತ್ತಲೇ ಇದ್ದ ಆ ಛಲ, ನನ್ನ ಮಟ್ಟಿಗೆ, ಆತನ ಲೇತಿನ ಕೆಲಸದಷ್ಟೇ ದೊಡ್ಡದು.

ಡೇನಿಯಲ್ಸ್ ನೆಲೆಸಿದ್ದ ಆ ದ್ವೀಪಕ್ಕೆ 1990ರ ದಶಕದ ಆರಂಭದಲ್ಲಿ ರೋಜರ್ ಸ್ಮಿತ್ ಎಂಬ ಯುವಕ, ಡೇನಿಯಲ್ಸನ ಪುಸ್ತಕ ಓದಿಕೊಂಡು ತಾನೇ ಮಾಡಿದ ಜೇಬುಗಡಿಯಾರ ಹಿಡಿದು ಬಂದ. ಡೇನಿಯಲ್ಸ್ ನೋಡಿದ. ಕೈಯಲ್ಲಿ ಮಾಡಿದ್ದೆಂದು ಕಾಣುತ್ತದೆ, ಹಾಗೆ ಕಾಣಬಾರದು ಎಂದ. ನಾವು ಕೈಕೆಲಸವೆಂದರೆ ಕೈಯ ಗುರುತನ್ನೇ ಮೆಚ್ಚುವವರು. ಇಲ್ಲಿ ಅರದ ಒಂದು ಗೀರು ಉಳಿದರೂ ಅದು ಕುಂದು. ಅಂಚು ಅಂಚಾಗಿರಬೇಕು, ತವರದ ಹಲಗೆಯ ಮೇಲೆ ಉಜ್ಜಿದ ಉಕ್ಕು ಒಂದು ಕೋನದಿಂದ ಕನ್ನಡಿಯಂತೆ, ಇನ್ನೊಂದರಿಂದ ಕಡುಗಪ್ಪಾಗಿ ಕಾಣಬೇಕು. ಕಟುವಾಗಿ ಕೇಳಿಸಿದರೂ, ಹುಡುಗನನ್ನು ತನ್ನ ಸಮಕ್ಕೆ ಎತ್ತಿಕೊಂಡು ಆಡಿದ ಮಾತದು.

ಸ್ಮಿತ್ ಎರಡನೆಯದಕ್ಕೆ ಕೂತ. ಅದಕ್ಕೆ ಐದು ವರ್ಷಕ್ಕೂ ಮೀರಿ ಹಿಡಿಯಿತು. ಒಂದು ಭಾಗದಲ್ಲಿ ಕೈ ಪಳಗುವ ಹೊತ್ತಿಗೆ ಮೊದಲು ಮಾಡಿಟ್ಟ ಭಾಗಗಳು ಕಳಪೆಯಾಗಿ ತೋರುತ್ತಿದ್ದವು. ಅವನ್ನು ಬದಿಗಿಟ್ಟು ಹೊಸದಾಗಿ ಮಾಡುತ್ತಿದ್ದ. ಮುಗಿದ ಗಡಿಯಾರವನ್ನು ಡೇನಿಯಲ್ಸ್ ಒಂದೊಂದು ಭಾಗವನ್ನೂ ಯಾರು ಮಾಡಿದ್ದೆಂದು ಕೇಳುತ್ತ ನೋಡಿದ. ಎಲ್ಲಕ್ಕೂ ಒಂದೇ ಉತ್ತರ ಬಂದಾಗ, ನೀನೀಗ ಗಡಿಯಾರಗಾರ ಎಂದು ಒಪ್ಪಿದ. 1998ರಲ್ಲಿ ತನ್ನ ಜೊತೆ ಕೆಲಸಕ್ಕೂ ಕರೆದ. ಸ್ಮಿತ್ ಮುಂದೆ ಅದೇ ದ್ವೀಪದಲ್ಲಿ ತನ್ನದೇ ಕಾರ್ಯಾಗಾರ ತೆರೆದು ಕೈಗಡಿಯಾರಗಳಿಗೆ ಇಳಿದ. ಗುರುವಿನ ಕೋ-ಆಕ್ಸಿಯಲ್‌ನಲ್ಲಿ ಒಂದರ ಮೇಲೊಂದು ಕೂರುತ್ತಿದ್ದ ಜೋಡಿ ಚಕ್ರಗಳನ್ನು ಒಂದೇ ತುಂಡಿನಲ್ಲಿ ಕಡೆದು, ತೂಕವನ್ನು ಇನ್ನಷ್ಟು ಇಳಿಸಿದ.