ರೂಟರ್ ಕೊಳ್ಳುವ ಮುನ್ನ ಒಂದು ಸ್ಕ್ರೂಗೇಜ್

ರೂಟರ್ ಎಂದೊಡನೆ ಇಂದಿನ ವಿದ್ಯಾರ್ಥಿಗಳಿಗೆ ನೆನಪಾಗುವುದು ಅಂತರಜಾಲ ಸಂಪರ್ಕದ ಪುಟ್ಟ ಪೆಟ್ಟಿಗೆ. ಈ ಲೇಖನ ಅದನ್ನು ಕುರಿತದ್ದಲ್ಲ. ಹಲಗೆಯಲ್ಲಿ ನೇರವಾದ ತೋಡು ಕೊರೆಯಲು, ಅಂಚನ್ನು ದುಂಡಗೆ ಮಾಡಲು, ಎರಡು ಹಲಗೆಗಳನ್ನು ಕೂಡಿಸುವ ಕಚ್ಚು ತೆಗೆಯಲು ಬಡಗಿಗಳು ಬಳಸುವ ವಿದ್ಯುತ್ ಸಲಕರಣೆಗೂ ಅದೇ ಹೆಸರು.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳೆಯ ಮನೆಗಳಲ್ಲಿ ಮರವಿಲ್ಲದ ಮೂಲೆಯಿಲ್ಲ. ಮುಂಡಿಗೆ, ತೂಗುಮಂಚ, ಊಟದ ಮಣೆ ಎಲ್ಲವೂ ಮರದವು. ಶ್ರೀಗಂಧದ ಕೆತ್ತನೆಗೆ ಹೆಸರಾದ ಗುಡಿಗಾರರ ನೆಲೆಯೂ ಇದೇ. ಹೀಗಿರುವಾಗ ನಮ್ಮಲ್ಲಿ ಕೆಲವು ಶಿಕ್ಷಕರು, ಕೃಷಿಕರು, ನಿವೃತ್ತರು ಬಿಡುವಿನ ವೇಳೆಯಲ್ಲಿ ತಾವೇ ಮರಗೆಲಸಕ್ಕೆ ಕೈಹಾಕುವುದು ಸಹಜ. ಅವರಲ್ಲಿ ಹಲವರು ನನ್ನನ್ನು ಕೇಳುವುದುಂಟು: “ಸರ್, ರೂಟರ್ ತಗೊಳ್ಬೇಕು. ಯಾವ ಕಂಪನಿಯದು ಒಳ್ಳೆಯದು?” ಕಂಪನಿಯ ಹೆಸರಿಗಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ಅವಕ್ಕೆ ಉತ್ತರ ಪದವಿಪೂರ್ವ ತರಗತಿಯ ಭೌತಶಾಸ್ತ್ರದಲ್ಲೇ ಇದೆ. ಇದನ್ನು ನಾನು ಕಲಿತದ್ದು ಒಂದು ಒಳ್ಳೆಯ ಹಲಗೆಯನ್ನು ಹಾಳುಮಾಡಿಕೊಂಡು.

0.35 ಮಿ.ಮೀ.ನ ಪಾಠ

ಸಿದ್ದಾಪುರ ತಾಲ್ಲೂಕಿನ ನಮ್ಮ ಮೂಲಮನೆಯ ಅಟ್ಟದಲ್ಲಿ ತಂದೆಯವರು ಎತ್ತಿಟ್ಟಿದ್ದ ಹಲಸಿನ ಹಲಗೆಗಳಿದ್ದವು. ಅವುಗಳಿಂದ ಪುಸ್ತಕದ ಕಪಾಟು ಮಾಡಲು ಹೊರಟೆ. ಅಡ್ಡಹಲಗೆ ಕೂರಿಸಲು 6 ಮಿ.ಮೀ. ಆಳದ ತೋಡು ಬೇಕಿತ್ತು. ಹೊಸ ರೂಟರ್ ಸದ್ದು ಮಾಡುತ್ತ ಚೆನ್ನಾಗಿಯೇ ಸಾಗಿತು. ಮುಗಿಸಿ ನೋಡಿದರೆ ತೋಡು ಒಂದು ತುದಿಯಲ್ಲಿ 6 ಮಿ.ಮೀ., ಇನ್ನೊಂದು ತುದಿಯಲ್ಲಿ 11 ಮಿ.ಮೀ. ಆಳವಾಗಿತ್ತು! ಕೊರೆಯುತ್ತಿದ್ದಂತೆಯೇ ಬಿಟ್ ತನ್ನ ಹಿಡಿತದಿಂದ ಕೆಳಕ್ಕೆ ಜಾರಿತ್ತು. ಇನ್ನಷ್ಟು ಜಾರಿ ಹೊರಬಿದ್ದಿದ್ದರೆ ಹಾಳಾಗುತ್ತಿದ್ದುದು ಹಲಗೆ ಮಾತ್ರವಲ್ಲ.

ಬಿಟ್ ಬಿಚ್ಚಿ ನೋಡಿದಾಗ ಅದರ ದಂಟಿನ ಮೇಲೆ ಕಂದುಬಣ್ಣದ ಉಜ್ಜಿದ ಗುರುತುಗಳಿದ್ದವು. ಮರುದಿನ ಪ್ರಯೋಗಶಾಲೆಯಲ್ಲಿ ಸ್ಕ್ರೂಗೇಜಿನಿಂದ ಅಳೆದೆ: ದಂಟಿನ ವ್ಯಾಸ 6.00 ಮಿ.ಮೀ. ನನ್ನ ಯಂತ್ರದ ಹಿಡಿತ ಕಾಲು ಇಂಚಿನದು, ಅಂದರೆ 6.35 ಮಿ.ಮೀ. ನಮ್ಮ ಮಾರುಕಟ್ಟೆಯಲ್ಲಿ ಎರಡೂ ಅಳತೆಯ ಬಿಟ್‌ಗಳು ಸಿಗುತ್ತವೆ. ಕಣ್ಣಿಗೆ ಎರಡೂ ಒಂದೇ. ಅಳೆಯದೆ ಹಾಕಿದ್ದು ನನ್ನದೇ ತಪ್ಪು.

ಬಿಟ್ಟನ್ನು ಹಿಡಿಯುವ ಭಾಗಕ್ಕೆ ಕಾಲೆಟ್ ಎಂದು ಹೆಸರು. ಅದು ಸೀಳುಗಳಿರುವ ಶಂಕುವಿನಾಕಾರದ ಉಕ್ಕಿನ ತೋಳು. ಮೇಲಿನ ನಟ್ ಬಿಗಿದಾಗ ಶಂಕು ಒಳಸರಿದು ಸೀಳುಗಳು ಮುಚ್ಚಿಕೊಳ್ಳುತ್ತವೆ. ಆಗ ದಂಟು ಸುತ್ತಲೂ ಒತ್ತಲ್ಪಟ್ಟು ಘರ್ಷಣೆಯಿಂದ ನಿಲ್ಲುತ್ತದೆ. ಅಳತೆ ಹೊಂದಿದರೆ ಇಡೀ ಮೇಲ್ಮೈ ತಾಗುತ್ತದೆ. ದಂಟು ತೆಳುವಾಗಿದ್ದರೆ ತಾಗುವುದು ಕೆಲವು ಗೆರೆಗಳಷ್ಟೇ. ಎಷ್ಟೇ ಬಿಗಿದರೂ ಕಂಪನಕ್ಕೆ ಅದು ಸಡಿಲಾಗುತ್ತದೆ. ಆದ್ದರಿಂದ ರೂಟರ್‌ನ ವಿಶ್ವಾಸಾರ್ಹತೆಯ ಮೊದಲ ಪ್ರಶ್ನೆ ಇದು: ಕಾಲೆಟ್ ಯಾವ ಅಳತೆಯದು, ಎಷ್ಟು ನಯವಾಗಿ ಮಾಡಿದ್ದು, ಸವೆದರೆ ಬಿಡಿಯಾಗಿ ಸಿಗುತ್ತದೆಯೇ?

ಇಷ್ಟು ವೇಗ ಏಕೆ?

ಕೈ ಡ್ರಿಲ್ ನಿಮಿಷಕ್ಕೆ ಹೆಚ್ಚೆಂದರೆ ಸುಮಾರು 3,000 ಸುತ್ತು ತಿರುಗುತ್ತದೆ. ಸಣ್ಣ ರೂಟರ್, ಅಂದರೆ ಅಂಗಡಿಯವರು ಟ್ರಿಮ್ಮರ್ ಎನ್ನುವುದು, ಸುಮಾರು 30,000 ಸುತ್ತು. ಕಾರಣ ಸರಳ. ಮರದ ನಾರನ್ನು ಹರಿಯದೆ ಕತ್ತರಿಸಬೇಕಾದರೆ ಪ್ರತಿ ಅಲಗೂ ತೀರ ತೆಳುವಾದ ಸಿಪ್ಪೆಯನ್ನು ತೆಗೆಯಬೇಕು. ಎರಡು ಅಲಗಿನ ಬಿಟ್ 30,000 ಸುತ್ತು ತಿರುಗಿದರೆ ನಿಮಿಷಕ್ಕೆ 60,000 ಕಡಿತಗಳು. ನಾವು ಯಂತ್ರವನ್ನು ನಿಮಿಷಕ್ಕೆ 3 ಮೀಟರ್ ವೇಗದಲ್ಲಿ ಸರಿಸಿದರೆ ಪ್ರತಿ ಕಡಿತದ ಪಾಲು 0.05 ಮಿ.ಮೀ. ಹೆದರಿಕೆಯಿಂದ ನಿಮಿಷಕ್ಕೆ 1 ಮೀಟರಿನಂತೆ ಸರಿಸಿದರೆ ಸಿಪ್ಪೆ 0.02 ಮಿ.ಮೀ.ಗಿಂತಲೂ ತೆಳು. ಆಗ ಅಲಗು ಕತ್ತರಿಸುವ ಬದಲು ಉಜ್ಜತೊಡಗಿ ಮರ ಕಪ್ಪಾಗಿ ಸುಡುತ್ತದೆ. ಸುಟ್ಟ ಅಂಚಿಗೆ ಯಂತ್ರವನ್ನೇ ದೂರಬೇಕಿಲ್ಲ. ಮೊಂಡಾದ ಬಿಟ್ ಇಲ್ಲವೇ ನಿಧಾನವಾದ ಕೈ ಅದಕ್ಕೆ ಕಾರಣವಾಗಿರಬಹುದು.

ಆದರೆ ವೇಗಕ್ಕೂ ಮಿತಿಯಿದೆ. ಅಂಚಿನ ವೇಗ ಬಿಟ್‌ನ ವ್ಯಾಸಕ್ಕೆ ಅನುಪಾತದಲ್ಲಿರುತ್ತದೆ. 30,000 ಸುತ್ತಿನಲ್ಲಿ 6 ಮಿ.ಮೀ. ಬಿಟ್‌ನ ಅಂಚು ಸೆಕೆಂಡಿಗೆ 9.4 ಮೀಟರ್ ಚಲಿಸುತ್ತದೆ. 25 ಮಿ.ಮೀ. ಬಿಟ್‌ನದು 39 ಮೀಟರ್, ಅಂದರೆ ಗಂಟೆಗೆ 140 ಕಿ.ಮೀ.ಗೂ ಹೆಚ್ಚು. 50 ಮಿ.ಮೀ. ಬಿಟ್‌ ಆದರೆ ಗಂಟೆಗೆ 280 ಕಿ.ಮೀ. ದಾಟುತ್ತದೆ. ಇನ್ನು ಅಸಮತೋಲದ ಬಲ ಕೋನೀಯ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. 60 ಗ್ರಾಂ ತೂಗುವ ಬಿಟ್‌ನ ಗುರುತ್ವ ಕೇಂದ್ರ ಅಕ್ಷದಿಂದ ಬರೀ 0.1 ಮಿ.ಮೀ. ಸರಿದಿದ್ದರೂ 30,000 ಸುತ್ತಿನಲ್ಲಿ ಸುಮಾರು 59 ನ್ಯೂಟನ್ ಬಲ ಸೆಕೆಂಡಿಗೆ 500 ಬಾರಿ ದಿಕ್ಕು ತಿರುಗಿಸುತ್ತ ಜಗ್ಗುತ್ತದೆ. ಇದು 6 ಕಿಲೋಗ್ರಾಂ ತೂಕಕ್ಕೆ ಸಮ. ವೇಗ ಅರ್ಧಕ್ಕಿಳಿದರೆ ಬಲ ಕಾಲುಭಾಗಕ್ಕಿಳಿಯುತ್ತದೆ. ಆದ್ದರಿಂದ ದೊಡ್ಡ ಬಿಟ್ ಬಳಸುವ ಉದ್ದೇಶವಿದ್ದರೆ ವೇಗ ಹೊಂದಿಸುವ ಗುಂಡಿ ಇರುವ ಯಂತ್ರವನ್ನೇ ಕೊಳ್ಳಬೇಕು. ಬಿಟ್‌ನ ಮೇಲೆ ಅಥವಾ ಪೊಟ್ಟಣದ ಮೇಲೆ ಮುದ್ರಿಸಿದ ಗರಿಷ್ಠ ವೇಗವನ್ನು ಎಂದೂ ಮೀರಬಾರದು.

ದಂಟಿನ ದಪ್ಪದಲ್ಲೂ ಗಣಿತವಿದೆ. ದುಂಡನೆಯ ಸಲಾಕೆ ಬಾಗುವಿಕೆಯನ್ನು ತಡೆಯುವ ಗುಣ ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ. 6 ಮಿ.ಮೀ. ದಂಟಿಗಿಂತ 8 ಮಿ.ಮೀ. ದಂಟು 3 ಪಟ್ಟಿಗೂ ಹೆಚ್ಚು, 12 ಮಿ.ಮೀ. ದಂಟು 16 ಪಟ್ಟು ಗಟ್ಟಿ. ಅಂಚು ದುಂಡಗೆ ಮಾಡುವುದು, ಸಣ್ಣ ತೋಡು, ಪೆಟ್ಟಿಗೆ, ಚೌಕಟ್ಟು ಇಷ್ಟೇ ಆದರೆ 6 ಅಥವಾ 6.35 ಮಿ.ಮೀ.ನ ಟ್ರಿಮ್ಮರ್ ಸಾಕು. ಬಾಗಿಲು, ಕಿಟಕಿ, ದಪ್ಪ ಹಲಗೆಯ ಕೆಲಸಕ್ಕೆ 8, 12 ಅಥವಾ 12.7 ಮಿ.ಮೀ. ಕಾಲೆಟ್ಟಿನ, ಮೇಲಿನಿಂದ ಒತ್ತಿ ಇಳಿಸುವ ದೊಡ್ಡ ರೂಟರ್ ಬೇಕು.

ವ್ಯಾಟ್ ಮತ್ತು ವೋಲ್ಟ್

ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಸಾಮಾನ್ಯ ಇಂಡಕ್ಷನ್ ಮೋಟಾರು ನೇರವಾಗಿ ನಿಮಿಷಕ್ಕೆ 3,000 ಸುತ್ತನ್ನು ಮೀರಲಾರದು. ಹಾಗಾಗಿ ತಂತಿಯ ರೂಟರ್‌ನಲ್ಲಿರುವುದು ಕಾರ್ಬನ್ ಬ್ರಶ್‌ಗಳ ಸರಣಿ ಮೋಟಾರು. ಅಡುಗೆಮನೆಯ ಮಿಕ್ಸಿಯಲ್ಲಿರುವುದೂ ಇದೇ ಜಾತಿಯದು. ಬ್ರಶ್ ಸವೆಯುವುದು ದೋಷವಲ್ಲ, ಅದರ ಸ್ವಭಾವ. ಅದನ್ನು ಹೊರಗಿನಿಂದ ಬಿಚ್ಚಿ ಬದಲಿಸಲು ಬರುತ್ತದೆಯೇ, ಬಿಡಿಭಾಗ ಶಿರಸಿಯಲ್ಲೇ ಸಿಗುತ್ತದೆಯೇ ಅಥವಾ ಪ್ರತಿ ಸಲ 100 ಕಿ.ಮೀ. ದೂರದ ಹುಬ್ಬಳ್ಳಿಗೆ ಹೋಗಬೇಕೇ ಎಂದು ಕೊಳ್ಳುವ ಮೊದಲೇ ವಿಚಾರಿಸಿ.

ಪೆಟ್ಟಿಗೆಯ ಮೇಲಿನ ವ್ಯಾಟ್ ಸಾಮಾನ್ಯವಾಗಿ ಮೋಟಾರು ಹೀರುವ ಸಾಮರ್ಥ್ಯ, ಬಿಟ್‌ಗೆ ದೊರೆಯುವುದಲ್ಲ. 700 ವ್ಯಾಟ್‌ನ ಯಂತ್ರದಲ್ಲಿ ಶೇಕಡ 60 ಬಿಟ್‌ಗೆ ತಲಪುತ್ತದೆ ಎಂದಿಟ್ಟುಕೊಳ್ಳೋಣ. 30,000 ಸುತ್ತಿನಲ್ಲಿ 12 ಮಿ.ಮೀ. ಬಿಟ್‌ನ ಅಂಚಿನಲ್ಲಿ ಆಗ ಸಿಗುವ ಸರಾಸರಿ ಬಲ ಸುಮಾರು 22 ನ್ಯೂಟನ್ ಮಾತ್ರ. ಆದ್ದರಿಂದಲೇ 12 ಮಿ.ಮೀ. ಆಳದ ತೋಡನ್ನು ಒಂದೇ ಸಲಕ್ಕೆ ತೆಗೆಯಬಾರದು, 3 ಮಿ.ಮೀ.ನಂತೆ ನಾಲ್ಕು ಸಲ ತೆಗೆಯಬೇಕು.

ಯಲ್ಲಾಪುರ ತಾಲ್ಲೂಕಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬರ ಮನೆ ವಿದ್ಯುತ್ ಮಾರ್ಗದ ಕಟ್ಟಕಡೆಯಲ್ಲಿದೆ. ಅವರ ರೂಟರ್ ಸಂಜೆ ಅರ್ಧ ಗಂಟೆ ಓಡಿದರೆ ಸುಟ್ಟ ವಾಸನೆ ಬರುತ್ತಿತ್ತು. ಮಲ್ಟಿಮೀಟರ್ ಇಟ್ಟು ನೋಡಿದರೆ 230 ವೋಲ್ಟ್ ಇರಬೇಕಾದಲ್ಲಿ 180 ವೋಲ್ಟ್! ವೋಲ್ಟೇಜ್ ಇಳಿದಾಗ ಮೋಟಾರಿನ ವೇಗ ಇಳಿಯುತ್ತದೆ. ನಾವು ಮೊದಲಿನಷ್ಟೇ ವೇಗದಲ್ಲಿ ಸರಿಸುತ್ತಿದ್ದರೆ ಪ್ರತಿ ಕಡಿತದ ಸಿಪ್ಪೆ ದಪ್ಪವಾಗಿ, ತಿರುಗಿಸಲು ಹೆಚ್ಚು ಬಲ ಬೇಕಾಗಿ, ಹೆಚ್ಚು ವಿದ್ಯುತ್ ಪ್ರವಾಹ ಹರಿಯುತ್ತದೆ. ತಂತಿಸುರುಳಿ ಬಿಸಿಯಾಗುವುದು ಪ್ರವಾಹದ ವರ್ಗಕ್ಕೆ ಅನುಗುಣವಾಗಿ. ಅದೇ ವೇಳೆಗೆ ಮೋಟಾರಿನೊಂದಿಗೇ ತಿರುಗುವ ಫ್ಯಾನ್ ನಿಧಾನವಾಗಿ ತಂಪು ಕಡಿಮೆಯಾಗಿರುತ್ತದೆ. ಸಲಕರಣೆ ಸುಡಲು ಇನ್ನೇನು ಬೇಕು?

ಉದ್ದನೆಯ ತೆಳು ವಯರೂ ಇದೇ ಅನಾಹುತ ಮಾಡುತ್ತದೆ. 0.5 ಚದರ ಮಿ.ಮೀ. ತಾಮ್ರದ 30 ಮೀಟರ್ ವಯರಿನ ಹೋಗಿಬರುವ ರೋಧ ಸುಮಾರು 2 ಓಮ್. 1,600 ವ್ಯಾಟ್ ರೂಟರ್‌ನ 7 ಆಂಪಿಯರ್ ಹರಿದಾಗ ಅಲ್ಲೇ 14 ವೋಲ್ಟ್ ನಷ್ಟ, ವಯರಿನಲ್ಲೇ 100 ವ್ಯಾಟ್ ಶಾಖ. 2.5 ಚದರ ಮಿ.ಮೀ. ವಯರಾದರೆ ನಷ್ಟ 3 ವೋಲ್ಟ್ ಮಾತ್ರ. ಸುರುಳಿ ಸುತ್ತಿಟ್ಟ ವಯರನ್ನು ಪೂರ್ತಿ ಬಿಚ್ಚಿಯೇ ಬಳಸಬೇಕು. ಕರೆಂಟ್ ನಂಬಲಾಗದ ಮನೆಗಳಿಗೆ ಬ್ರಶ್ ಇಲ್ಲದ ಮೋಟಾರಿನ ಬ್ಯಾಟರಿ ಟ್ರಿಮ್ಮರ್‌ಗಳೂ ಈಗ ಬಂದಿವೆ. ಸಣ್ಣ ಕೆಲಸಕ್ಕೆ ಅವು ಸಾಕು.

ಅಂಗಡಿಯಲ್ಲೇ ಪರೀಕ್ಷೆ

ಪ್ಲಗ್ ಕಳಚಿರುವಾಗಲೇ ಮಾಡಬಹುದಾದ ಕೆಲವು ಪರೀಕ್ಷೆಗಳಿವೆ.

1. ಸ್ಕ್ರೂಗೇಜಿನಿಂದ ಬಿಟ್‌ನ ದಂಟನ್ನು ಅಳೆಯಿರಿ. ಕಾಲೆಟ್ಟಿನ ಮೇಲೆ ಕೊರೆದ ಅಳತೆಯೊಂದಿಗೆ ತಾಳೆ ನೋಡಿ.

2. ಬಿಟ್ ಕೂರಿಸಿ ಬಿಗಿದು ತುದಿಯನ್ನು ಬೆರಳಿನಿಂದ ಅಡ್ಡಕ್ಕೆ ಅಲುಗಿಸಿ. ಕೈಗೆ ತಿಳಿಯುವಷ್ಟು ಆಟವಿದ್ದರೆ ಬೇರಿಂಗ್ ಸರಿಯಿಲ್ಲ.

3. ಆಳವನ್ನು ಹೊಂದಿಸಿ ಬಿಗಿದ ಮೇಲೆ ತಳವನ್ನು ಒತ್ತಿ ನೋಡಿ. ಅಳತೆ ಜಾರಬಾರದು.

4. ತಳದ ತಟ್ಟೆಗೆ ಉಕ್ಕಿನ ಅಳತೆಪಟ್ಟಿಯ ಅಂಚನ್ನು ಹಿಡಿದು ಬೆಳಕಿಗೆ ನೋಡಿ. ನಡುವೆ ಬೆಳಕು ನುಸುಳಿದರೆ ತಟ್ಟೆ ಸಮವಾಗಿಲ್ಲ.

5. ಪ್ಲಗ್ ಹಾಕಿ ಚಾಲೂ ಮಾಡಿಸಿ. ದೊಡ್ಡ ಯಂತ್ರ ಕೈಯಲ್ಲಿ ಜಗ್ಗನೆ ತಿರುಚಿದರೆ ಅದಕ್ಕೆ ಮೆದು ಆರಂಭದ ಸೌಲಭ್ಯ ಇಲ್ಲವೆಂದರ್ಥ. ರೋಟರ್ ಒಂದು ದಿಕ್ಕಿಗೆ ಥಟ್ಟನೆ ತಿರುಗತೊಡಗಿದಾಗ ಕವಚ ಎದುರು ದಿಕ್ಕಿಗೆ ತಿರುಚುವುದು ಕೋನೀಯ ಸಂವೇಗ ಸಂರಕ್ಷಣೆಯ ನಿಯಮ.

ಮನೆಗೆ ತಂದ ಮೇಲೆ 6 ಮಿ.ಮೀ. ನೇರ ಬಿಟ್‌ನಿಂದ ಒಂದೇ ಓಟದ ತೋಡು ತೆಗೆದು ಅದರ ಅಗಲವನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆಯಿರಿ. ಅದು 6.2 ಮಿ.ಮೀ. ಇದ್ದರೆ ಬಿಟ್ ಅಕ್ಷದಿಂದ ಸುಮಾರು 0.1 ಮಿ.ಮೀ. ಸರಿದು ತಿರುಗುತ್ತಿರಬಹುದು. ಶಿಕ್ಷಕರು ಇದನ್ನು ತಾವೇ ಮಾಡಿ, ತೋಡಿದ ಹಲಗೆಯನ್ನು ತರಗತಿಗೆ ತಂದರೆ ಅಳೆಯುವ ಕೆಲಸ ಮಕ್ಕಳದು.

ನಮ್ಮ ಮರ, ನಮ್ಮ ಮಳೆ

ಸಾಗುವಾನಿಯಲ್ಲಿ ಸಿಲಿಕದ ಅಂಶವಿದೆ. ಮರಳಿನಲ್ಲಿರುವುದೂ ಸಿಲಿಕವೇ. ಸಾಧಾರಣ ಉಕ್ಕಿನ ಬಿಟ್ ಅದಕ್ಕೆ ಬೇಗ ಮೊಂಡಾಗುತ್ತದೆ. ಕಾರ್ಬೈಡ್ ಅಲಗಿನದೇ ಬೇಕು. ಬಜೆಟ್ಟಿನಲ್ಲಿ ಯಂತ್ರಕ್ಕಷ್ಟೇ ಅಲ್ಲ, ನಾಲ್ಕು ಒಳ್ಳೆಯ ಬಿಟ್‌ಗಳಿಗೂ ಪಾಲಿರಲಿ. ಮಳೆಗಾಲದಲ್ಲಿ ನಮ್ಮ ಗಾಳಿಯ ತೇವಕ್ಕೆ ಕಾಲೆಟ್ ತುಕ್ಕು ಹಿಡಿಯುತ್ತದೆ. ತುಕ್ಕಿನ ಕಣ, ಮರದ ಹುಡಿ ಎರಡೂ ಹಿಡಿತವನ್ನು ಕೆಡಿಸುತ್ತವೆ. ಕೆಲಸವಾದ ಮೇಲೆ ಬಿಟ್ ತೆಗೆದು, ಕಾಲೆಟ್ ಒರೆಸಿ, ಮುಚ್ಚಿದ ಡಬ್ಬಿಯಲ್ಲಿಡಿ.

ಯಂತ್ರವನ್ನು ಸರಿಸುವ ದಿಕ್ಕಿಗೂ ನಿಯಮವಿದೆ. ಕೈಯಲ್ಲಿ ಹಿಡಿದ ರೂಟರ್‌ನ ಬಿಟ್ ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಹಲಗೆಯ ಹೊರ ಅಂಚಿನಲ್ಲಿ ಯಂತ್ರವನ್ನು ಮುಳ್ಳಿಗೆ ವಿರುದ್ಧವಾಗಿ ಸರಿಸಬೇಕು; ಚೌಕಟ್ಟಿನ ಒಳ ಅಂಚಿನಲ್ಲಿ ಮುಳ್ಳಿನ ದಿಕ್ಕಿಗೆ. ಆಗ ಅಲಗು ಮರವನ್ನು ನಮ್ಮ ತಳ್ಳುವಿಕೆಗೆ ಎದುರಾಗಿ ಕತ್ತರಿಸುತ್ತದೆ. ದಿಕ್ಕು ತಪ್ಪಿದರೆ ಬಿಟ್ ಚಕ್ರದಂತೆ ಅಂಚನ್ನು ಹತ್ತಿ ಯಂತ್ರವನ್ನು ಕೈಯಿಂದ ಎಳೆದೊಯ್ಯುತ್ತದೆ. ಬಿಟ್ಟನ್ನು ಕಾಲೆಟ್ಟಿನ ತಳ ಮುಟ್ಟಿಸಿ 2–3 ಮಿ.ಮೀ. ಹಿಂದೆಳೆದು ಬಿಗಿಯಿರಿ. ಬಿಟ್ ಬದಲಿಸುವಾಗ ಪ್ಲಗ್ ಕಳಚಿರಲಿ. ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷೆ, ಮೂಗಿಗೆ ಮುಸುಕು ಇರಲೇಬೇಕು. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಧೂಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ರೂಟರ್ ಬಿಟ್ಟನ್ನು ಗ್ರೈಂಡರಿಗೋ ಡ್ರಿಲ್ಲಿಗೋ ಸಿಕ್ಕಿಸುವ ಸಾಹಸ ಬೇಡವೇ ಬೇಡ.

ಕೊನೆಗೆ ಯಂತ್ರದ ಮಿತಿಯನ್ನೂ ಹೇಳಬೇಕು. ತಿರುಗುವ ಬಿಟ್ ಒಳಮೂಲೆಯನ್ನು ಚೌಕವಾಗಿ ಕತ್ತರಿಸಲಾರದು. ತನ್ನ ತ್ರಿಜ್ಯದಷ್ಟು ದುಂಡು ಉಳಿಸಿಯೇ ಬಿಡುತ್ತದೆ. ಅದನ್ನು ಚೊಕ್ಕಗೊಳಿಸಲು ಉಳಿ, ಕೊಡತಿ ಬೇಕೇ ಬೇಕು. ನನ್ನ ಕಪಾಟು ಈಗ ಗೋಡೆಗೆ ಒರಗಿ ನಿಂತಿದೆ. ಆಳ ಹೆಚ್ಚಾದ ತೋಡಿಗೆ ತೆಳುವಾದ ಹಲಸಿನ ಪಟ್ಟಿಯೊಂದನ್ನು ಉಳಿಯಿಂದ ಹೊಂದಿಸಿ ಕೂರಿಸಿದ್ದೇನೆ. ಬಂದವರಿಗೆ ಅದು ಕಾಣುವುದಿಲ್ಲ. ನನಗೆ ಕಾಣುತ್ತದೆ. ಪ್ರತಿ ಬಾರಿ ಬಿಟ್ ಬದಲಿಸುವ ಮೊದಲು ಸ್ಕ್ರೂಗೇಜ್ ಹುಡುಕುವಂತೆ ಮಾಡಿರುವುದು ಆ ಪಟ್ಟಿಯೇ.